ಡೆಡ್‌ಲೈನ್: ಜೈಲಿನ ಬೇಲಿಯಿಂದ ಪೇಪರ್ ಆಫೀಸಿನ ಗಡಿಯಾರದವರೆಗೆ

ಜುಲೈ ಬಂತು ಅಂದ್ರೆ ಐಟಿ ರಿಟರ್ನ್ಸ್ ಡೆಡ್‌ಲೈನ್, ಮಾರ್ಚ್ ಬಂತು ಅಂದ್ರೆ ಬಿಲ್ ಪಾಸ್ ಮಾಡಿಸೋ ಡೆಡ್‌ಲೈನ್, ಮಕ್ಕಳಿಗೆ ಪ್ರಾಜೆಕ್ಟ್ ಡೆಡ್‌ಲೈನ್, ಮೇಸ್ತ್ರಿಗೆ ಗೃಹಪ್ರವೇಶದ ಡೆಡ್‌ಲೈನ್. ಇಂಗ್ಲಿಷ್ ಓದೋಕೆ ಬರದವ್ರೂ "ಅವ್ರು ಡೆಡ್‌ಲೈನ್ ಕೊಟ್ಬಿಟ್ಟಿದ್ದಾರೆ ಕಣ್ರೀ" ಅಂತಾರೆ, ಅಷ್ಟು ಬೆರೆತುಹೋಗಿದೆ ಈ ಪದ ನಮ್ಮ ಮಾತಲ್ಲಿ. ಇಂಥ ಪದದ ಬಗ್ಗೆ ವಾಟ್ಸಾಪ್‌ನಲ್ಲಿ, ರೀಲ್ಸ್‌ನಲ್ಲಿ ಒಂದು ಕಥೆ ಆಗಾಗ ಓಡಾಡ್ತಾ ಇರುತ್ತೆ. ಹಿಂದೆ ಅಮೆರಿಕದ ಜೈಲಿನಲ್ಲಿ ಒಂದು ಗೆರೆ ಹಾಕಿದ್ರಂತೆ, ಕೈದಿ ಅದನ್ನ ದಾಟಿದ್ರೆ ಅಲ್ಲೇ ಗುಂಡು ಹಾರಿಸ್ತಿದ್ರಂತೆ, ಅದಕ್ಕೇ ಡೆಡ್‌ಲೈನ್ ಅನ್ನೋ ಹೆಸರಂತೆ.

ಅಂಥ ಗೆರೆ ಇದ್ದದ್ದು ನಿಜ. ಜನ ಸತ್ತದ್ದೂ ನಿಜ. ಆದ್ರೆ ಆ ಗೆರೆಯಿಂದ ಇವತ್ತಿನ "31ನೇ ತಾರೀಖಿನೊಳಗೆ ಕೊಡಿ" ಅನ್ನೋ ಅರ್ಥಕ್ಕೆ ಬರೋಕೆ ಐವತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು, ಮಧ್ಯದಲ್ಲಿ ಪೊಲೀಸರು, ಪ್ರೆಸ್ ಕೆಲಸದವ್ರು, ಪತ್ರಕರ್ತರು ಎಲ್ಲಾ ಬರ್ತಾರೆ. ರೀಲ್‌ಗಳಲ್ಲಿ ಈ ಮಧ್ಯದ ಭಾಗಾನೇ ಬಿಟ್ಟುಹೋಗಿರುತ್ತೆ, ನನಗೆ ಮುಖ್ಯ ಅನ್ನಿಸೋದು ಅದೇ.

ಮೊದಲು, ಎರಡು ಪದ ಸೇರಿ ಒಂದಾಗೋದು ಅಂದ್ರೇನು

ಶಾಲೇಲಿ ಸಮಾಸ ಓದಿದ್ದೀವಲ್ಲ, ಇಂಗ್ಲಿಷ್‌ನ ಜೋಡುಪದಗಳೂ ಹೆಚ್ಚುಕಡಿಮೆ ಅದೇ. ಹಿರಿದು ಪ್ಲಸ್ ದಾರಿ ಹೆದ್ದಾರಿ, ಕಣ್ಣು ಪ್ಲಸ್ ನೀರು ಕಣ್ಣೀರು. ನಮ್ಮಲ್ಲಿ ಪದಗಳು ಸೇರುವಾಗ ಅಕ್ಷರಾನೇ ಬದಲಾಗುತ್ತೆ, ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಹಂಗಾಗಲ್ಲ, ಎರಡು ಪದಾನ ಪಕ್ಕಪಕ್ಕ ಇಟ್ಟು ಮೊದಲನೇದರ ಮೇಲೆ ಒತ್ತು ಕೊಟ್ಟು ಹೇಳಿದ್ರೆ ಮುಗೀತು. ಬರವಣಿಗೆಯಲ್ಲಿ ಹೆಚ್ಚಿನ ಪದಗಳಿಗೆ ಮೂರು ಹಂತ ಇರುತ್ತೆ. ಮೊದಲು ಮಧ್ಯೆ ಜಾಗ ಬಿಟ್ಟು ಬೇರೆಬೇರೆ ಬರೀತಾರೆ, ಬಳಕೆ ಜಾಸ್ತಿ ಆದ್ಮೇಲೆ ನಡುವೆ ಒಂದು ಅಡ್ಡಗೆರೆ ಹಾಕ್ತಾರೆ, ಪೂರ್ತಿ ರೂಢಿ ಆದ್ಮೇಲೆ ಅಂಟಿಸಿ ಒಂದೇ ಪದ ಮಾಡ್ತಾರೆ. ಹಳೇ ಕಾಗದಪತ್ರಗಳಲ್ಲಿ ಡೆಡ್ ಲೈನ್ ಅಂತ ಬಿಡಿಸಿ ಬರೆದದ್ದೂ ಸಿಗುತ್ತೆ, ಅಡ್ಡಗೆರೆ ಹಾಕಿ ಬರೆದದ್ದೂ ಸಿಗುತ್ತೆ, ಈಗಿನ ಹಾಗೆ ಕೂಡಿಸಿ ಬರೆಯೋದು ಆಮೇಲೆ ಗಟ್ಟಿಯಾಯ್ತು.

ಒಂದ್ಸಲ ಅಂಟಿಕೊಂಡ ಮೇಲೆ ಒಳಗಿನ ಪದಗಳ ಅರ್ಥ ಮಾಸಿಹೋಗುತ್ತೆ. ಬ್ರೇಕ್‌ಫಾಸ್ಟ್ ಅಂದ್ರೆ ರಾತ್ರಿಯ ಉಪವಾಸ ಮುರಿಯೋದು, ಆದ್ರೆ ಇಡ್ಲಿ ತಿನ್ನುವಾಗ ಉಪವಾಸ ಯಾರಿಗೆ ನೆನಪಾಗುತ್ತೆ? ಕಬೋರ್ಡ್ ಅನ್ನೋದು ಮೊದಲು ಕಪ್ಪುಗಳನ್ನ ಇಡೋ ಹಲಗೆ, ಈಗ ಅದರಲ್ಲಿ ಬಟ್ಟೆ ತುಂಬಿರುತ್ತೆ. ಡೆಡ್‌ಲೈನ್ ಕಥೆಯೂ ಇದೇ ತರಹ, ಒಳಗೆ ಸತ್ತ ಅಥವಾ ಸಾವಿನ ಅನ್ನೋ ಪದ ಇದೆ, ಗೆರೆ ಅನ್ನೋ ಪದ ಇದೆ, ಹೊರಗೆ ಮಾತ್ರ ಬರೀ ತಾರೀಖು ಕಾಣುತ್ತೆ.

ಇನ್ನೊಂದು ವಿಷಯ. ಇಂಗ್ಲಿಷ್‌ನ ಡೆಡ್ ಅನ್ನೋ ಪದಕ್ಕೆ ಸತ್ತ ಅನ್ನೋದೊಂದೇ ಅರ್ಥ ಅಲ್ಲ. ಅಲ್ಲಾಡದ, ಕೆಲಸ ಮಾಡದ, ಪೂರ್ತಿ ನಿಂತುಹೋದ ಅನ್ನೋ ಅರ್ಥಗಳೂ ಹಳೇವೇ. ಡೆಡ್‌ಲಾಕ್ ಅನ್ನೋ ಪದ 1779ರಷ್ಟು ಹಿಂದೇನೇ ಬಳಕೆಯಲ್ಲಿತ್ತು, ಅಲ್ಲಿ ಯಾರೂ ಸತ್ತಿಲ್ಲ, ಯಾರೂ ಅಲ್ಲಾಡದ ಹಾಗೆ ಸಿಕ್ಕಿಹಾಕಿಕೊಂಡಿದ್ದಾರೆ ಅಷ್ಟೆ. ಡೆಡ್ ಲೈನ್ ಅಂತಾನೂ ಜೈಲಿಗಿಂತ ಮೊದಲೇ ಮೀನು ಹಿಡಿಯೋರ ಮಾತಲ್ಲಿತ್ತು, ನೀರಲ್ಲಿ ಅಲ್ಲಾಡದೆ ಬಿದ್ದಿರೋ ಗಾಳದ ದಾರಕ್ಕೆ ಹಾಗಂತಿದ್ರು. ಅಂದ್ರೆ ಈ ಎರಡು ಪದಗಳನ್ನ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಜೋಡಿಸಬಹುದಿತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಜೈಲು ಯಾವುದು, ಯಾಕೆ ಹಾಗಿತ್ತು

ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೀತು. ಗುಲಾಮಗಿರಿ ಇಟ್ಕೊಂಡಿದ್ದ ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆ ಆಗ್ತೀವಿ ಅಂತ ಹೊರಟ್ವು, ಅದಕ್ಕೆ ಕಾನ್ಫೆಡರಸಿ ಅಂತ ಹೆಸರು. ದೇಶ ಒಡೀಬಾರದು ಅಂತ ಹೋರಾಡಿದ ಉತ್ತರದ ಕಡೆಗೆ ಯೂನಿಯನ್ ಅಂತಾರೆ. ಯುದ್ಧ ಅಂದ್ಮೇಲೆ ಎರಡೂ ಕಡೆ ಸೈನಿಕರು ಸೆರೆ ಸಿಗ್ತಾರೆ. ಶುರುವಲ್ಲಿ ಇವ್ರನ್ನ ಕೂಡಿಹಾಕೋ ಸಮಸ್ಯೆ ಅಷ್ಟು ದೊಡ್ಡದಿರಲಿಲ್ಲ, ಯಾಕಂದ್ರೆ 1862ರ ಜುಲೈನಲ್ಲಿ ಎರಡೂ ಕಡೆಯವ್ರು ಒಪ್ಪಂದ ಮಾಡಿಕೊಂಡು ಕೈದಿಗಳನ್ನ ಅದಲುಬದಲು ಮಾಡ್ಕೊಳ್ತಿದ್ರು, ನಿಮ್ಮವ್ರನ್ನ ಬಿಡ್ತೀವಿ ನಮ್ಮವ್ರನ್ನ ಬಿಡಿ ಅಂತ.

1863ರಲ್ಲಿ ಅದು ಮುರಿದುಬಿತ್ತು. ಉತ್ತರದ ಸೈನ್ಯಕ್ಕೆ ಕಪ್ಪು ಜನಾಂಗದ ಸೈನಿಕರು ಸೇರಿದ್ರು, ಅವ್ರು ಸೆರೆ ಸಿಕ್ಕಿದ್ರೆ ಬೇರೆ ಸೈನಿಕರ ತರಹ ಯುದ್ಧಕೈದಿಗಳು ಅಂತ ಒಪ್ಪೋಕೆ ದಕ್ಷಿಣದವ್ರು ತಯಾರಿರಲಿಲ್ಲ. ಮುಖ್ಯವಾಗಿ ಈ ಕಾರಣಕ್ಕೆ ವಿನಿಮಯ ನಿಂತಿತು. ನಿಂತದ್ದೇ ತಡ ಜೈಲುಗಳು ತುಂಬೋಕೆ ಶುರುವಾದವು. ಹಾಗೆ ಹೊಸದಾಗಿ ಕಟ್ಟಿದ್ದೇ ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್ ಜೈಲು, ಸರ್ಕಾರಿ ಹೆಸರು ಕ್ಯಾಂಪ್ ಸಮ್ಟರ್. 1864ರ ಫೆಬ್ರವರಿ ಕೊನೇಲಿ ಮೊದಲ ಕೈದಿಗಳು ಅಲ್ಲಿಗೆ ಬಂದ್ರು.

ಜೈಲು ಅಂದ ತಕ್ಷಣ ಕಟ್ಟಡ, ಕೋಣೆ, ಸರಳು ಅಂತ ಅಂದ್ಕೋಬೇಡಿ. ಅದು ಬಯಲು. ಹದಿನಾರೂವರೆ ಎಕರೆ ಬಯಲಿನ ಸುತ್ತ ಮರದ ದಿಮ್ಮಿಗಳನ್ನ ಒತ್ತೊತ್ತಾಗಿ ನೆಲಕ್ಕೆ ಹುಗಿದು ಎತ್ತರದ ಗೋಡೆ ಮಾಡಿದ್ರು, ಅಷ್ಟೆ. ಮೇಲೆ ಸೂರಿಲ್ಲ. ಕೈದಿಗಳು ತಮ್ಮ ಕಂಬಳಿ, ಕೋಟು, ಕಡ್ಡಿ ಏನು ಸಿಗುತ್ತೋ ಅದರಿಂದ ಗುಡಾರ ಮಾಡ್ಕೋಬೇಕು, ಇಲ್ಲಾಂದ್ರೆ ನೆಲದಲ್ಲಿ ಗುಂಡಿ ತೋಡಿ ಮಲಗ್ಬೇಕು. ಮಧ್ಯದಲ್ಲಿ ಒಂದು ಸಣ್ಣ ತೊರೆ ಹರೀತಿತ್ತು, ಕುಡಿಯೋಕೂ ಅದೇ ತೊಳೆಯೋಕೂ ಅದೇ, ಶೌಚಕ್ಕೂ ಅದರ ಕೆಳಭಾಗಾನೇ, ಮೇಲೆ ಕಾವಲುಗಾರರ ಬಿಡಾರದ ಕೊಳಕೂ ಅದಕ್ಕೇ ಸೇರ್ತಿತ್ತು. ಹತ್ತು ಸಾವಿರ ಜನಕ್ಕೆ ಅಂತ ಲೆಕ್ಕ ಹಾಕಿದ್ದ ಜಾಗ. ಜೂನ್‌ನಲ್ಲಿ ಇನ್ನೊಂದು ಹತ್ತು ಎಕರೆ ಸೇರಿಸಿದ್ರು, ಆದ್ರೂ ಆಗಸ್ಟ್ ಹೊತ್ತಿಗೆ ಒಳಗೆ 32,000ಕ್ಕೂ ಹೆಚ್ಚು ಜನ ಇದ್ರು. ಸುಮಾರು 14 ತಿಂಗಳಲ್ಲಿ ಒಟ್ಟು 45,000 ಕೈದಿಗಳು ಆ ಬೇಲಿಯೊಳಗೆ ಇದ್ದುಹೋದ್ರು, ಅದರಲ್ಲಿ ಹೆಚ್ಚುಕಡಿಮೆ 13,000 ಜನ ಅಲ್ಲೇ ಸತ್ರು. ಬಹುಪಾಲು ಜನ ಸತ್ತದ್ದು ಗುಂಡಿನಿಂದ ಅಲ್ಲ, ರಕ್ತಭೇದಿ, ಅತಿಸಾರ, ಸರಿಯಾದ ತರಕಾರಿ ಹಣ್ಣು ಇಲ್ದೆ ಬರೋ ಸ್ಕರ್ವಿ ಇವುಗಳಿಂದ. ಇದನ್ನ ಹೇಳಲೇಬೇಕು, ಯಾಕಂದ್ರೆ ರೀಲ್ ನೋಡಿದ್ರೆ ಅಲ್ಲಿ ಸತ್ತೋರೆಲ್ಲಾ ಗೆರೆ ದಾಟಿ ಸತ್ತ ಹಾಗೆ ಅನ್ನಿಸುತ್ತೆ.

ಗೆರೆ ಅಂದ್ರೆ ನಿಜವಾಗ್ಲೂ ಗೆರೇನಾ

ನೆಲದ ಮೇಲೆ ಸುಣ್ಣದಲ್ಲಿ ಎಳೆದ ಗೆರೆ ಅಲ್ಲ. ದಿಮ್ಮಿಯ ಗೋಡೆಯಿಂದ ಒಳಗಡೆಗೆ ಸುಮಾರು 19 ಅಡಿ ಬಿಟ್ಟು ಅಲ್ಲಲ್ಲಿ ಗಿಡ್ಡ ಕಂಬ ನೆಟ್ಟು ಅದರ ತಲೆಮೇಲೆ ಒಂದು ತೆಳು ಮರದ ಪಟ್ಟಿ ಹೊಡೆದಿದ್ರು. ದನ ತಡೆಯೋಕೂ ಸಾಲದಂಥ ಬೇಲಿ. ಗೋಡೆಗೂ ಈ ಪಟ್ಟಿಗೂ ಮಧ್ಯದ ಜಾಗ ಖಾಲಿ ಇರ್ಬೇಕು, ಅಲ್ಲಿ ಯಾವ ಕೈದಿಯೂ ಕಾಲಿಡಬಾರದು. ಯಾಕೆ ಅಂದ್ರೆ ಗೋಡೆ ಹತ್ರ ಬಂದ್ರೆ ಹತ್ತಬಹುದು, ಬುಡದಲ್ಲಿ ಸುರಂಗ ತೋಡಬಹುದು, ಜಾಗ ಖಾಲಿ ಇದ್ರೆ ಮೇಲಿನ ಕಾವಲುಗಾರನಿಗೆ ಎಲ್ಲಾ ಕಾಣುತ್ತೆ. ಗೋಡೆ ಉದ್ದಕ್ಕೂ ಮೇಲ್ಗಡೆ ಕಾವಲುಗೂಡುಗಳಿದ್ವು, ಕೈದಿಗಳು ಅವನ್ನ ಪಾರಿವಾಳದ ಗೂಡು ಅಂತ ಕರೀತಿದ್ರು. ಪಟ್ಟಿ ದಾಟಿದವನ ಮೇಲೆ, ಕೆಲವೊಮ್ಮೆ ಪಟ್ಟಿಯಿಂದ ಆಚೆ ಕೈ ಚಾಚಿದವನ ಮೇಲೂ, ಅಲ್ಲಿಂದ ಗುಂಡು ಹಾರ್ತಿತ್ತು.

ಕೈ ಯಾಕೆ ಚಾಚ್ತಿದ್ರು ಅನ್ನೋದೇ ಕರುಳು ಹಿಂಡೋ ವಿಷಯ. ತೊರೆ ಗೋಡೆಯ ಕೆಳಗಿಂದ ಒಳಗೆ ಬರ್ತಿತ್ತಲ್ಲ, ಬಂದ ತಕ್ಷಣದ ನೀರು ಉಳಿದ ಕಡೆಗಿಂತ ಸ್ವಲ್ಪ ಪರವಾಗಿಲ್ಲ ಅನ್ನೋ ಹಾಗಿರ್ತಿತ್ತು, ಸಾವಿರಾರು ಜನ ಕಾಲಿಟ್ಟು ಕದಡೋ ಮೊದಲಿನ ನೀರು. ಆ ನೀರಿಗೆ ಅಂತ ಪಟ್ಟಿ ಕೆಳಗೆ ಬಗ್ಗಿ ತಂಬಿಗೆ ಚಾಚಿದವರು ಸತ್ತದ್ದಿದೆ. 1864ರ ಆಗಸ್ಟ್‌ನಲ್ಲಿ ಜೋರು ಮಳೆ ಬಂದು ಗೋಡೆಗೂ ಈ ಪಟ್ಟಿಗೂ ನಡುವೇನೇ ಒಂದು ಒರತೆ ಎದ್ದಿತು, ಕೈದಿಗಳು ದೇವರೇ ಕೊಟ್ಟ ನೀರು ಅಂತ ಅದಕ್ಕೆ ಪ್ರಾವಿಡೆನ್ಸ್ ಸ್ಪ್ರಿಂಗ್ ಅಂತ ಹೆಸರಿಟ್ರು. ಆ ಹೆಸರು ಇವತ್ತಿಗೂ ಇದೆ. ಈಗ ಆ ಜಾಗ ರಾಷ್ಟ್ರೀಯ ಸ್ಮಾರಕ, ಗೋಡೆ ಎಲ್ಲಿತ್ತು ಡೆಡ್ ಲೈನ್ ಎಲ್ಲಿತ್ತು ಅಂತ ಬಿಳಿ ಕಂಬ ನೆಟ್ಟು ಗುರುತು ಮಾಡಿದ್ದಾರೆ.

ಇಂಥ ಗೆರೆ ಆಂಡರ್ಸನ್‌ವಿಲ್‌ನಲ್ಲಿ ಮಾತ್ರ ಇದ್ದದ್ದಲ್ಲ. ಉತ್ತರದವ್ರು ನಡೆಸ್ತಿದ್ದ ಜೈಲುಗಳಲ್ಲೂ ಡೆಡ್ ಲೈನ್ ಇತ್ತು, ಒಹಾಯೋದ ಜಾನ್ಸನ್ಸ್ ಐಲ್ಯಾಂಡ್, ಇಲಿನಾಯ್‌ನ ರಾಕ್ ಐಲ್ಯಾಂಡ್ ಇಲ್ಲೆಲ್ಲಾ ದಕ್ಷಿಣದ ಸೈನಿಕರನ್ನ ಇದೇ ಪದ್ಧತಿಯಲ್ಲಿ ಇಟ್ಟಿದ್ರು. ಹೆಸರು ಆಂಡರ್ಸನ್‌ವಿಲ್‌ಗೆ ಅಂಟಿಕೊಂಡಿದ್ದು ಅಲ್ಲಿ ಸತ್ತವರ ಸಂಖ್ಯೆಯಿಂದ, ಆಮೇಲೆ ನಡೆದ ವಿಚಾರಣೆಯಿಂದ.

ಇದು ಕಟ್ಟುಕಥೆ ಅಲ್ಲ ಅಂತ ಗೊತ್ತಾಗೋದು ಹೇಗೆ

ಪದದ ಹುಟ್ಟಿನ ಬಗ್ಗೆ ಯಾರಾದ್ರೂ ಕಥೆ ಹೇಳಿದ್ರೆ ಕೇಳಬೇಕಾದ ಮೊದಲ ಪ್ರಶ್ನೆ, ಆ ಕಾಲದಲ್ಲೇ ಬರೆದಿಟ್ಟ ಕಾಗದ ಇದೆಯಾ ಅನ್ನೋದು. ನ್ಯೂಸ್ ಅಂದ್ರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ನಾಲ್ಕು ದಿಕ್ಕಿನ ಮೊದಲಕ್ಷರ ಅಂತ ನಮ್ಮಲ್ಲಿ ಎಷ್ಟೋ ಮೇಷ್ಟ್ರುಗಳು ಹೇಳಿಕೊಟ್ಟಿದ್ದಾರೆ, ಅದು ಸುಳ್ಳು, ನ್ಯೂಸ್ ಬಂದಿರೋದು ಹೊಸದು ಅನ್ನೋ ಅರ್ಥದ ನ್ಯೂ ಪದದಿಂದ. ದಿಕ್ಕಿನ ಕಥೆಗೆ ಹಳೇ ಪುರಾವೆ ಒಂದೂ ಇಲ್ಲ.

ಡೆಡ್ ಲೈನ್ ಹಂಗಲ್ಲ. 1864ರ ಮೇ ತಿಂಗಳಲ್ಲಿ ದಕ್ಷಿಣದ ಸೈನ್ಯದ ಒಬ್ಬ ಅಧಿಕಾರಿ ಆಂಡರ್ಸನ್‌ವಿಲ್ ಪರಿಶೀಲನೆ ಮಾಡಿ ಬರೆದ ವರದಿಯಲ್ಲೇ ಈ ಪದ ಇದೆ, ಗೋಡೆಯಿಂದ ಸುಮಾರು 20 ಅಡಿ ಒಳಗೆ ಡೆಡ್ ಲೈನ್ ಹಾಕಿದೆ, ಹಗಲಾಗ್ಲಿ ರಾತ್ರಿಯಾಗ್ಲಿ ದಾಟಿದವನಿಗೆ ಗುಂಡು ಅನ್ನೋ ಅರ್ಥದಲ್ಲಿ. ಅದೇ ವರ್ಷ ಇನ್ನೊಬ್ಬ ಅಧಿಕಾರಿಯ ವರದಿಯಲ್ಲೂ ಬರುತ್ತೆ. ಅಂದ್ರೆ ಜೈಲು ನಡೆಸ್ತಿದ್ದವರ ಕಡೆಯವ್ರೇ ಬರೆದದ್ದು, ಆಮೇಲೆ ಯಾರೋ ಸೇರಿಸಿದ್ದಲ್ಲ. ಕೈದಿಗಳ ಡೈರಿಗಳಲ್ಲೂ ಇದೆ.

ಯುದ್ಧ ಮುಗಿದ ಮೇಲೆ ಜೈಲಿನ ಒಳಾಂಗಣದ ಉಸ್ತುವಾರಿ ಇದ್ದ ಕ್ಯಾಪ್ಟನ್ ಹೆನ್ರಿ ವಿರ್ಜ್ ಅನ್ನೋನನ್ನ, ಸ್ವಿಟ್ಜರ್ಲೆಂಡಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದವನು, ಅರೆಸ್ಟ್ ಮಾಡಿ ವಾಷಿಂಗ್ಟನ್‌ನಲ್ಲಿ ಮಿಲಿಟರಿ ವಿಚಾರಣೆ ನಡೆಸಿದ್ರು. 1865ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆದ ಆ ವಿಚಾರಣೇಲಿ ಡೆಡ್ ಲೈನ್ ಬಗ್ಗೆ ಸಾಕ್ಷಿ ಮೇಲೆ ಸಾಕ್ಷಿ ಬಂತು, ಪತ್ರಿಕೆಗಳು ಅದನ್ನ ದೇಶಕ್ಕೆಲ್ಲಾ ಮುಟ್ಟಿಸಿದ್ವು. 1865ರ ನವೆಂಬರ್ 10ರಂದು ವಿರ್ಜ್‌ನನ್ನ ಗಲ್ಲಿಗೇರಿಸಿದ್ರು. 1866ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಅಲ್ಲಿ ಸತ್ತವರ ಹೆಸರಿನ ಪಟ್ಟಿ ಪ್ರಕಟಿಸಿತು, ಆ ಪಟ್ಟಿಯನ್ನ ಡೋರೆನ್ಸ್ ಆಟ್ವಾಟರ್ ಅನ್ನೋ ಯುವ ಕೈದಿ ಸಾವಿನ ರಿಜಿಸ್ಟರ್ ಬರೆಯೋ ಕೆಲಸದಲ್ಲಿದ್ದಾಗ ಗುಟ್ಟಾಗಿ ನಕಲು ಮಾಡಿ ಇಟ್ಕೊಂಡಿದ್ದ. ಇದನ್ನ ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಾಗ್ಲಿಲ್ಲ, ಸಾವಿರಾರು ಮನೆಯವ್ರಿಗೆ ತಮ್ಮವರು ಏನಾದ್ರು ಅಂತ ತಿಳಿದದ್ದೇ ಆ ನಕಲಿನಿಂದ.

ಒಟ್ನಲ್ಲಿ 1865 ಮುಗಿಯೋ ಹೊತ್ತಿಗೆ ಪೇಪರ್ ಓದೋ ಅಮೆರಿಕನ್ನರಿಗೆ ಈ ಪದ ಗೊತ್ತಿತ್ತು, ಅರ್ಥ ಮಾತ್ರ ಒಂದೇ, ದಾಟಿದ್ರೆ ಸಾವು ಅನ್ನೋ ಜಾಗದ ಗೆರೆ. ಕಾಲದ ಸುದ್ದಿ ಇನ್ನೂ ಇಲ್ಲ.

ಜೈಲಿನಿಂದ ಊರೊಳಗೆ

ಮುಂದಿನ ಮೂವತ್ತು ನಲವತ್ತು ವರ್ಷ ಈ ಪದ ಜಾಗದ ಗೆರೆಯಾಗೇ ಉಳೀತು, ಆದ್ರೆ ಸಾವಿನ ಬಿಗಿ ಸಡಿಲ ಆಗ್ತಾ ಹೋಯ್ತು. ಕ್ಯಾನ್ಸಸ್ ರಾಜ್ಯದ ಡಾಡ್ಜ್ ಸಿಟಿ ಅನ್ನೋ ಊರಲ್ಲಿ, ದನದ ವ್ಯಾಪಾರಕ್ಕೆ ಅಂತ ಕೌಬಾಯ್‌ಗಳು ಬಂದಿಳೀತಿದ್ದ ಊರು ಅದು, ರೈಲು ಹಳಿಗೇ ಡೆಡ್‌ಲೈನ್ ಅಂತಿದ್ರು. ಹಳಿಯ ಉತ್ತರಕ್ಕೆ ಬಂದೂಕು ಹಿಡ್ಕೊಂಡು ಬರೋ ಹಾಗಿಲ್ಲ, ದಕ್ಷಿಣಕ್ಕೆ ಸಲೂನು, ಕುಣಿತ, ಗಲಾಟೆ ಎಲ್ಲಾ.

ನ್ಯೂಯಾರ್ಕ್‌ನಲ್ಲಿ 1880ರಲ್ಲಿ ಪತ್ತೇದಾರಿ ವಿಭಾಗದ ಮುಖ್ಯಸ್ಥನಾಗಿದ್ದ ಥಾಮಸ್ ಬರ್ನ್ಸ್ ಇನ್ನೊಂದು ಡೆಡ್‌ಲೈನ್ ಹಾಕಿದ. ವಾಲ್ ಸ್ಟ್ರೀಟ್ ಸುತ್ತಮುತ್ತ ಬ್ಯಾಂಕುಗಳು, ಚಿನ್ನದ ಅಂಗಡಿಗಳು ಜಾಸ್ತಿ, ಜೇಬುಗಳ್ಳರೂ ಜಾಸ್ತಿ. ಫುಲ್ಟನ್ ಸ್ಟ್ರೀಟೇ ಗೆರೆ, ಅದರಿಂದ ಕೆಳಗೆ ಹೆಸರಾಂತ ಕಳ್ಳ ಯಾವನಾದ್ರೂ ಕಂಡ್ರೆ ಏನೂ ಮಾಡದೇ ಇದ್ರೂ ಹಿಡಿದು ಒಳಗೆ ಹಾಕೋದು. ಇಲ್ಲಿ ದಾಟಿದವನಿಗೆ ಗುಂಡಿಲ್ಲ, ಅರೆಸ್ಟ್ ಅಷ್ಟೆ. ನೋಡಿ, ಎರಡು ದಶಕ ಆಗೋದ್ರೊಳಗೆ ಡೆಡ್ ಅನ್ನೋದು ನಿಜವಾದ ಸಾವಿನಿಂದ "ದಾಟಿದ್ರೆ ನಿನ್ನ ಕಥೆ ಮುಗೀತು" ಅನ್ನೋ ಎಚ್ಚರಿಕೆಗೆ ಇಳಿದಿದೆ. ಇಷ್ಟು ಸಡಿಲ ಆಗದೇ ಇದ್ದಿದ್ರೆ ಮುಂದೆ ಆಫೀಸ್ ಕೆಲಸಕ್ಕೆ ಈ ಪದ ಬರ್ತಾನೇ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಪ್ರೆಸ್ಸಿನ ಮೇಲಿನ ಗೆರೆ

ಈಗ ಅಚ್ಚುಕೂಟಕ್ಕೆ ಬನ್ನಿ. ಸೀಸದ ಮೊಳೆ ಜೋಡಿಸಿ ಅಚ್ಚು ಹಾಕ್ತಿದ್ದ ಕಾಲ. ಅಕ್ಷರದ ಮೊಳೆಗಳನ್ನ ಸಾಲಾಗಿ ಜೋಡಿಸಿ, ಕಬ್ಬಿಣದ ಚೌಕಟ್ಟಲ್ಲಿ ಬಿಗಿದು, ಅದನ್ನ ಮೆಷಿನ್ನಿನ ಚಪ್ಪಟೆ ಹಾಸಿನ ಮೇಲೆ ಕೂರಿಸ್ತಾರೆ. ಕಾಗದ ಸುತ್ತಿಕೊಂಡ ಒಂದು ದೊಡ್ಡ ಉರುಳೆ ಅದರ ಮೇಲೆ ಒತ್ತುತ್ತಾ ಹೋಗುತ್ತೆ. ಚಪಾತಿ ಮಣೆ ಮೇಲೆ ಲಟ್ಟಣಿಗೆ ಉರುಳಿಸಿದ ಹಾಗೆ, ಲಟ್ಟಣಿಗೆ ಎಲ್ಲಿವರೆಗೆ ಬರುತ್ತೋ ಅಲ್ಲಿವರೆಗೆ ಮಾತ್ರ ಒತ್ತು ಬೀಳುತ್ತೆ, ಮಣೆಯ ಅಂಚಿನಲ್ಲಿ ಉಳಿದ ಹಿಟ್ಟಿಗೆ ಬೀಳಲ್ಲ. ಹಾಗಾಗಿ ಹಾಸಿನ ಮೇಲೆ ಒಂದು ಗುರುತಿನ ಗೆರೆ ಇರ್ತಿತ್ತು. ಆ ಗೆರೆಯಿಂದ ಹೊರಗೆ ಮೊಳೆ ಇದ್ರೆ ಅದು ಕಾಗದದ ಮೇಲೆ ಮೂಡಲ್ಲ, ಕಾಗದ ಹಿಡಿಯೋ ಹಲ್ಲುಗಳಿಗೆ ತಗುಲಿ ಮೊಳೆ ಜಜ್ಜಿಹೋಗೋ ಅಪಾಯಾನೂ ಇತ್ತು. ಆ ಗೆರೆಗೆ ಡೆಡ್‌ಲೈನ್ ಅಂತಿದ್ರು. 1917ರಲ್ಲಿ ಮುದ್ರಣ ಕಲಿಯೋ ಹುಡುಗರಿಗೆ ಅಂತ ಬಂದ ಅಮೆರಿಕದ ಪಠ್ಯಪುಸ್ತಕವೊಂದು ಮೊಳೆ ಡೆಡ್‌ಲೈನ್‌ನಿಂದ ಹೊರಗೆ ಬರದ ಹಾಗೆ ನೋಡ್ಕೊಳ್ಳಿ ಅಂತ ಎಚ್ಚರಿಸುತ್ತೆ.

ಇಲ್ಲಿ ಡೆಡ್ ಪದಕ್ಕೆ ಯುದ್ಧದ ಸಹವಾಸ ಬೇಕಾಗೇ ಇಲ್ಲ. ಪ್ರೆಸ್ ಕೆಲಸದವ್ರ ಮಾತಲ್ಲಿ ಇನ್ನೂ ಅಚ್ಚಾಗಬೇಕಾದ ಜೋಡಣೆಗೆ ಲೈವ್ ಮ್ಯಾಟರ್, ಅಚ್ಚಾಗಿ ಮುಗಿದು ಮೊಳೆ ಬಿಡಿಸಿ ಖಾನೆಗೆ ಹಾಕ್ಬೇಕಾದ ಜೋಡಣೆಗೆ ಡೆಡ್ ಮ್ಯಾಟರ್ ಅನ್ನೋದು ಇದ್ದೇ ಇತ್ತು. ಕೆಲಸಕ್ಕೆ ಬಾರದ್ದು, ಅಚ್ಚಿಗೆ ಸಿಗದ್ದು ಡೆಡ್. ಮೊದಲು ನೆನಪಲ್ಲಿಟ್ಕೊಳ್ಳಿ ಅಂದದ್ದು ಇದಕ್ಕೇ, ಅಲ್ಲಾಡದ, ಕೆಲಸ ಮಾಡದ ಅನ್ನೋ ಹಳೇ ಅರ್ಥ ಇಲ್ಲಿ ಚೆನ್ನಾಗಿ ಹೊಂದುತ್ತೆ.

ಗಡಿಯಾರ ಬಂದದ್ದು ಪೇಪರ್ ಆಫೀಸಲ್ಲಿ

ಕಾಲದ ಅರ್ಥ ಕಾಗದದ ಮೇಲೆ ಕಾಣಿಸೋದು 1910ರ ದಶಕದಿಂದ 1920ರ ಆಸುಪಾಸಿನಲ್ಲಿ, ಅದೂ ಅಮೆರಿಕದ ಪತ್ರಿಕಾ ಕಚೇರಿಗಳ ಮಾತಲ್ಲಿ. 1920ರಲ್ಲಿ ಪತ್ರಿಕಾ ಕಚೇರಿಯ ಕಥೆ ಇರೋ ಒಂದು ಮೂಕಿ ಸಿನಿಮಾದ ಹೆಸರಲ್ಲೇ ಡೆಡ್‌ಲೈನ್ ಇತ್ತು, ಹನ್ನೊಂದು ಗಂಟೆಯ ಡೆಡ್‌ಲೈನ್ ಅಂತ. ಸಿನಿಮಾ ಹೆಸರಿಗೆ ಬಂತು ಅಂದ್ರೆ ಅಷ್ಟೊತ್ತಿಗೆ ಹೊರಗಿನ ಜನಕ್ಕೂ ಅರ್ಥ ಆಗ್ತಿತ್ತು ಅಂತ ಲೆಕ್ಕ.

ಪತ್ರಿಕೆಯವ್ರಿಗೇ ಯಾಕೆ ಇಂಥ ಪದ ಬೇಕಾಯ್ತು ಅನ್ನೋದು ಆಗಿನ ಪತ್ರಿಕೆ ತಯಾರಾಗೋ ರೀತಿ ನೋಡಿದ್ರೆ ಗೊತ್ತಾಗುತ್ತೆ. 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಕಚೇರಿಯಲ್ಲಿ ಲೈನೋಟೈಪ್ ಅನ್ನೋ ಮೆಷಿನ್ ಮೊದಲ ಸಲ ಪತ್ರಿಕೆ ಕೆಲಸಕ್ಕೆ ಬಂತು, ಒಂದೊಂದೇ ಮೊಳೆ ಕೈಯಲ್ಲಿ ಜೋಡಿಸೋ ಬದಲು ಕೀಲಿ ಒತ್ತಿದ್ರೆ ಕರಗಿದ ಲೋಹದಲ್ಲಿ ಒಂದಿಡೀ ಸಾಲು ಎರಕ ಆಗಿ ಬೀಳುತ್ತೆ. ವರದಿಗಾರ ಬರೆದ ಹಾಳೆ ಅಲ್ಲಿಗೆ ಹೋಗ್ಬೇಕು, ಎರಕದ ಸಾಲುಗಳನ್ನ ಪುಟವಾಗಿ ಜೋಡಿಸಿ ಬಿಗೀಬೇಕು, ಪುಟದ ಮೇಲೆ ಒದ್ದೆ ರಟ್ಟು ಒತ್ತಿ ಅಚ್ಚು ತೆಗೀಬೇಕು, ಆ ಅಚ್ಚಿನಿಂದ ಬಾಗಿದ ಲೋಹದ ಫಲಕ ಎರಕ ಹೊಯ್ದು ರೋಟರಿ ಮೆಷಿನ್ನಿಗೆ ಹಾಕ್ಬೇಕು, ಓಡಿದ ಪೇಪರನ್ನ ಬಂಡಲ್ ಕಟ್ಟಿ ಸ್ಟೇಷನ್ನಿಗೆ ಸಾಗಿಸ್ಬೇಕು. ರೈಲು ಯಾರಿಗೂ ಕಾಯಲ್ಲ. ರೈಲಿನ ಟೈಮಿನಿಂದ ಹಿಂದಕ್ಕೆ ಎಣಿಸ್ತಾ ಬಂದ್ರೆ ಪ್ರತಿ ಹಂತಕ್ಕೂ ಒಂದು ಕಡೇ ಗಳಿಗೆ ಸಿಗುತ್ತೆ, ವರದಿಗಾರನ ಹಾಳೆಗೆ ಸಿಗೋದು ಎಲ್ಲಕ್ಕಿಂತ ಮುಂಚಿನದು. ಅದು ದಾಟಿದ್ರೆ ಎಂಥ ಸುದ್ದಿಯಾದ್ರೂ ಇವತ್ತಿನ ಪೇಪರ್‌ನಲ್ಲಿ ಇಲ್ಲ.

ಪಕ್ಕದ ಪ್ರೆಸ್ ಕೋಣೇಲಿ ಒಂದು ಗೆರೆ ಇದೆ, ಅದರಿಂದ ಹೊರಗಿದ್ದದ್ದು ಪೇಪರ್‌ನಲ್ಲಿ ಬರಲ್ಲ. ಇಲ್ಲಿ ಒಂದು ಗಳಿಗೆ ಇದೆ, ಅದರಿಂದ ಆಚೆ ಬಂದದ್ದೂ ಪೇಪರ್‌ನಲ್ಲಿ ಬರಲ್ಲ. ಒಂದೇ ಕಟ್ಟಡದಲ್ಲಿ ಕೆಲಸ ಮಾಡೋ ಜನ ಒಂದರ ಹೆಸರನ್ನ ಇನ್ನೊಂದಕ್ಕೆ ಇಟ್ಟಿದ್ರೆ ಆಶ್ಚರ್ಯ ಏನಿಲ್ಲ. ಜಾಗದ ಪದವನ್ನ ಕಾಲಕ್ಕೆ ಹಾಕೋದು ನಮಗೂ ಹೊಸದಲ್ಲ, ಅವಧಿ ಅನ್ನೋ ಸಂಸ್ಕೃತ ಪದಕ್ಕೆ ಮೂಲದಲ್ಲಿ ಎಲ್ಲೆ, ಮೇರೆ ಅನ್ನೋ ಅರ್ಥ, ಕನ್ನಡದಲ್ಲಿ ನಾವು ಅದನ್ನ ಐದು ವರ್ಷದ ಅವಧಿ ಅಂತ ಕಾಲಕ್ಕೇ ಬಳಸ್ತೀವಿ.

ಹಾಗಾದ್ರೆ ಜೈಲಿನ ಕಥೆ ಸರೀನಾ ಪ್ರೆಸ್ಸಿನದು ಸರೀನಾ

ಇಲ್ಲಿ ಎರಡು ಬೇರೆಬೇರೆ ಪ್ರಶ್ನೆ ಇದೆ. ಡೆಡ್‌ಲೈನ್ ಅಂದ್ರೆ ದಾಟಬಾರದ ಗೆರೆ ಅನ್ನೋ ಬಳಕೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಅಂತರ್ಯುದ್ಧದ ಜೈಲುಗಳು, ದಾಖಲೆ ಗಟ್ಟಿಯಾಗಿದೆ. ಕಡೇ ಗಳಿಗೆ ಅನ್ನೋ ಬಳಕೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಅಮೆರಿಕದ ಪತ್ರಿಕಾ ಕಚೇರಿ, ಇದೂ ಗಟ್ಟಿ. ಮೊದಲನೇದರಿಂದ ಎರಡನೇದು ನೇರವಾಗಿ ಬಂತು ಅಂತ ತೋರಿಸೋ ಕಾಗದ ಮಾತ್ರ ಸಿಕ್ಕಿಲ್ಲ. ಅದಕ್ಕೇ ಜವಾಬ್ದಾರಿಯಿಂದ ಬರೆಯೋ ನಿಘಂಟುಕಾರರು "ಜೈಲಿನ ಬಳಕೆಯ ಪ್ರಭಾವ ಇರಬಹುದು" ಅನ್ನೋ ಮಟ್ಟಕ್ಕೆ ನಿಲ್ಲಿಸ್ತಾರೆ. ರೀಲ್‌ಗಳಲ್ಲಿ ಆ "ಇರಬಹುದು" ಬಿದ್ದುಹೋಗುತ್ತೆ.

ನನಗನ್ನಿಸೋದು ಎರಡೂ ಸೇರಿವೆ ಅಂತ. ಪತ್ರಿಕೆಯವ್ರಿಗೆ ಜೈಲಿನ ಡೆಡ್ ಲೈನ್ ಗೊತ್ತಿಲ್ಲದ ವಿಷಯ ಅಲ್ಲ, ವಿರ್ಜ್ ವಿಚಾರಣೆ ಬರೆದದ್ದೂ ಅವ್ರೇ, ನ್ಯೂಯಾರ್ಕ್ ಪೊಲೀಸರ ಗೆರೆ ಬಗ್ಗೆ ಬರೆದದ್ದೂ ಅವ್ರೇ. ಆಂಡರ್ಸನ್‌ವಿಲ್‌ನಲ್ಲಿ ಕೈದಿಯಾಗಿದ್ದ ಜಾನ್ ಮೆಕೆಲ್ರಾಯ್ ಆಮೇಲೆ ಒಹಾಯೋದ ಟೊಲೀಡೊ ಬ್ಲೇಡ್ ಪತ್ರಿಕೆಯಲ್ಲಿ ಪತ್ರಕರ್ತರಾಗಿದ್ರು, ಜೈಲಿನ ಅನುಭವ ಅದೇ ಪತ್ರಿಕೆಯಲ್ಲಿ ಬರೆದು 1879ರಲ್ಲಿ ಪುಸ್ತಕಾನೂ ತಂದ್ರು. ಇದು ಪುರಾವೆ ಅಲ್ಲ, ಆದ್ರೆ ಆ ಪದ ಪತ್ರಿಕಾ ಕಚೇರಿಗಳ ಕಿವಿಗೆ ಬಿದ್ದಿತ್ತು ಅನ್ನೋದಕ್ಕೆ ಸಾಕು.

ತಾರೀಖು ಹಾಕಿದ ಹಳೇ ವಾಕ್ಯಗಳನ್ನ ಸಾಲಾಗಿ ಇಟ್ಟು ಅರ್ಥ ಹೇಗೆ ಬದಲಾಯ್ತು ಅಂತ ತೋರಿಸೋ ಈ ವಿಧಾನಕ್ಕೆ ಇಂಗ್ಲಿಷ್‌ನಲ್ಲಿ ದೊಡ್ಡ ಉದಾಹರಣೆ ಆಕ್ಸ್‌ಫರ್ಡ್ ನಿಘಂಟು, ಮೊದಲ ಕಂತು 1884ರಲ್ಲಿ ಬಂದು ಪೂರ್ತಿ ಆಗಿದ್ದು 1928ರಲ್ಲಿ. ಕನ್ನಡದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಇದೇ ದಾರಿಯದ್ದು, ಶಾಸನದಿಂದ, ಕಾವ್ಯದಿಂದ ಪ್ರಯೋಗ ಕೊಟ್ಟು ಅರ್ಥ ಹೇಳುತ್ತೆ. ಯಾವುದಾದ್ರೂ ಕನ್ನಡ ಪದದ ಬಗ್ಗೆ ಫಾರ್ವರ್ಡ್ ಬಂದ್ರೆ ಅದನ್ನೊಮ್ಮೆ ತೆರೆದು ನೋಡಿ, ಲೈಬ್ರರಿಗಳಲ್ಲಿ ಸಿಗುತ್ತೆ.

ಕನ್ನಡ ಪತ್ರಿಕೆಗಳಲ್ಲಿ

ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ, ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಶುರು ಮಾಡಿದ್ದು, ಅದಕ್ಕೇ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಅದು ಕಲ್ಲಚ್ಚಿನಲ್ಲಿ ಬರ್ತಿತ್ತು, ಸೀಸದ ಮೊಳೆ ಇರಲಿಲ್ಲ. ಆಂಡರ್ಸನ್‌ವಿಲ್‌ನ ವರದಿಯಲ್ಲಿ ಡೆಡ್ ಲೈನ್ ಅನ್ನೋ ಪದ ಬೀಳೋಕೆ ಆಗಿನ್ನೂ ಇಪ್ಪತ್ತೊಂದು ವರ್ಷ ಬಾಕಿ.

ಈಗ ಕನ್ನಡ ಪತ್ರಿಕೆಗಳ ಡೆಸ್ಕ್‌ಗೆ ಹೋದ್ರೆ ರಾತ್ರಿ ಪೂರ್ತಿ ಕೇಳೋದು ಡೆಡ್‌ಲೈನೇ. ದೂರದ ತಾಲ್ಲೂಕುಗಳಿಗೆ ಹೋಗೋ ಎಡಿಷನ್‌ಗೆ ಬೇಗ, ಊರೊಳಗಿನ ಸಿಟಿ ಎಡಿಷನ್‌ಗೆ ತಡವಾಗಿ, ಯಾಕಂದ್ರೆ ಪೇಪರ್ ಬಂಡಲ್ ಹೊತ್ತ ಗಾಡಿ ಬೆಳಗಾಗೋದ್ರೊಳಗೆ ಅಷ್ಟು ದೂರ ಮುಟ್ಟಬೇಕು. ರಾತ್ರಿ ಹತ್ತೂವರೆಗೆ ಮುಗಿದ ಮ್ಯಾಚಿನ ಸ್ಕೋರು ಬೆಂಗಳೂರಿನ ಪೇಪರ್‌ನಲ್ಲಿ ಇದ್ದು ಹಳ್ಳಿಗೆ ಬಂದ ಅದೇ ಪೇಪರ್‌ನಲ್ಲಿ ಇಲ್ದೇ ಇರೋದಕ್ಕೆ ಕಾರಣ ಇದೇ.

ಮಾತಲ್ಲಿ ನಾವು "ಡೆಡ್‌ಲೈನ್ ದಾಟಿತು" ಅಂತೀವಿ. ದಾಟೋದು ಹೊಳೆಯನ್ನ, ರಸ್ತೆಯನ್ನ, ಗೆರೆಯನ್ನ. "ಗಡುವು" ಅಂದಾಗ ಅದು ಮುಗಿಯುತ್ತೆ, ಇಲ್ಲ ಮೀರುತ್ತೆ, ಸರ್ಕಾರ ಮನಸ್ಸು ಮಾಡಿದ್ರೆ ವಿಸ್ತರಣೆಯೂ ಆಗುತ್ತೆ. ಅಚ್ಚಿನಲ್ಲಿ ಪತ್ರಿಕೆಗಳು ಹೆಚ್ಚಾಗಿ ಗಡುವು ಅಂತಾನೇ ಹಾಕ್ತವೆ, ಮೂರಕ್ಷರ, ಒಂದು ಕಾಲಂ ಶೀರ್ಷಿಕೆಯಲ್ಲಿ ಸಲೀಸಾಗಿ ಕೂರುತ್ತೆ. "ರಿಟರ್ನ್ಸ್ ಗಡುವು ವಿಸ್ತರಣೆ" ಅಂತ ಶೀರ್ಷಿಕೆ ಕೊಟ್ಟ ಉಪಸಂಪಾದಕರೇ ಪಕ್ಕದ ಸೀಟಿನವ್ರಿಗೆ "ಬೇಗ ಪೇಜ್ ಬಿಡಪ್ಪ, ಡೆಡ್‌ಲೈನ್ ಆಯ್ತು" ಅಂತ ಕೂಗ್ತಿರ್ತಾರೆ.